ಜರಡಿ ಹಿಡಿದ ಮರಳು

ಹಿತ್ತಿಲ ಬಾಗಿಲು ತೆರೆದರೆ, ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿ ಬಾಂಡ್ಲಿ ತುಂಬ ಮರಳು ಹಿಡಿದು ನಿಂತಿದ್ದರು. ಬೀದಿಗೆ ಮೂರೇ ಮನೆಗಳಿದ್ದ ಜಯನಗರ ಅದು. ಉಳಿದದ್ದೆಲ್ಲ ಬೆಳಗಿನ ಮಂಜು. ಹೊಸದಾಗಿ ತಂದ ಬೆಕ್ಕಿನ ಮರಿಯ ಶೌಚಕ್ಕೆಂದು ಬಾಗಿಲ ಬಳಿ ತಗಡಿನ ತಟ್ಟೆಯಲ್ಲಿ ಒಲೆಯ ಬೂದಿ ಇಟ್ಟಿದ್ದೆ. ಮರಿ ಅದನ್ನು ಮೂಸಿಯೂ ನೋಡದೆ ದಿನಾ ಅವರ ಮರಳಿನ ರಾಶಿಗೇ ಓಡುತ್ತಿತ್ತು. ಜಗಳಕ್ಕೇ ಬಂದಿದ್ದಾರೆ ಅಂದುಕೊಂಡೆ.

“ನಾಳೆಯಿಂದ ಗೋಡೆಗೆ ಗಾರೆ ಮಾಡ್ತೀವಮ್ಮ, ಮರಳೆಲ್ಲ ಖಾಲಿಯಾಗತ್ತೆ. ಮರಿಗೆ ಅಂತ ಇಷ್ಟು ಜರಡಿ ಹಿಡಿದು ತಂದೆ” ಎಂದರು.

ಬೂದಿ ಚೆಲ್ಲಿ ಆ ತಟ್ಟೆಗೇ ಮರಳು ಸುರಿದೆ. ಮರಿ ಒಂದು ಸುತ್ತು ಹಾಕಿತು, ಮುಂಗಾಲಿನಿಂದ ಮೆಲ್ಲಗೆ ಗುಳಿ ತೋಡಿತು, ಕುಳಿತು ಕಣ್ಣು ಅರೆಮುಚ್ಚಿತು. ನಾನು ಬಗ್ಗಿ ನೋಡುತ್ತಲೇ ಇದ್ದೆ. ಮೇಸ್ತ್ರಿ ಆಗಲೇ ಮುಖ ತಿರುಗಿಸಿಕೊಂಡಿದ್ದರು.

“ನೀವೂ ಈ ಕಡೆ ತಿರುಗಿ ಅಮ್ಮ, ಅದಕ್ಕೆ ನಾಚಿಕೆ ಆಗತ್ತೆ.”

ಇಬ್ಬರೂ ಮಂಜು ನೋಡುತ್ತ ನಿಂತೆವು. ಬೆನ್ನ ಹಿಂದೆ ಸರಸರ ಮರಳು ಮುಚ್ಚುವ ಸದ್ದು.

ಗೃಹಪ್ರವೇಶದ ದಿನ ಬಂದವರೆಲ್ಲ ಆ ಮನೆಯ ಗೋಡೆಗಳ ನುಣುಪು ಹೊಗಳಿದರು. ಮೇಸ್ತ್ರಿ ಅಲ್ಲಿರಲಿಲ್ಲ, ಬೇರೆ ಕೆಲಸಕ್ಕೆ ಹೋಗಿಯಾಗಿತ್ತು. ನಾನು ಗೋಡೆಯನ್ನು ಒಮ್ಮೆ ಅಂಗೈಯಿಂದ ಸವರಿದೆ. ಅದೇ ಕೈ ಜರಡಿ ಹಿಡಿದ ಮರಳು ನಮ್ಮ ಹಿತ್ತಿಲಲ್ಲೂ ಇತ್ತು.