ಅಳಿಯ ಕಲ್ಯಾಣ ದಾಟ್ಯಾನ

ಕಾಶವ್ವನ ಮೊಬೈಲು ಅವಳ ಕೈಯಲ್ಲಿದ್ದುದನ್ನು ನಾನು ನೋಡಿದ್ದೇ ಕಡಿಮೆ. ತಲೆಗೆ ಬಿಗಿದ ಟವೆಲ್ಲಿಗೂ ಕಿವಿಗೂ ನಡುವೆ ಅದನ್ನು ಸಿಕ್ಕಿಸಿಕೊಂಡು, ಅದರ ಮೇಲೆ ಹಳದಿ ಹೆಲ್ಮೆಟ್ಟನ್ನು ಸೊಟ್ಟಗೆ ಕೂರಿಸಿ, ಎರಡೂ ಕೈಯಲ್ಲಿ ಸಲಿಕೆ ಹಿಡಿದು ಕಾಂಕ್ರೀಟು ಎಳೆಯುತ್ತ ಅವಳು ಮಾತಾಡುತ್ತಿದ್ದಳು. ಅಕ್ಟೋಬರ್ ತಿಂಗಳಲ್ಲಂತೂ ಮಧ್ಯಾಹ್ನದ ಊಟ ಮುಗಿದದ್ದೇ ಶುರು.

“ಹೊಂಟಾನೇನು? ಎಲ್ಲಿಗೆ ಬಂದಾನ? ಒಬ್ನ ಅದಾನೋ, ಹಿಂದ ಮಂದಿ ಕರ್ಕೊಂಡ ಬರಾಕತ್ತಾನೋ?”

ಆಮೇಲೆ ತನ್ನ ಗ್ಯಾಂಗಿನ ಹೆಂಗಸರ ಕಡೆ ತಿರುಗಿ ಕೂಗುತ್ತಿದ್ದಳು: “ಅಳಿಯ ಕಲ್ಯಾಣ ದಾಟ್ಯಾನ. ಲಗೂ ಲಗೂ ಕೈ ಆಡಸ್ರಿ.”

ಇವಳ ಅಳಿಯನಿಗೆ ಬೇರೆ ಕೆಲಸವೇ ಇಲ್ಲವೇ, ದಿನಾ ಮಾವನ ಮನೆಗೆ ಬರುತ್ತಾನಲ್ಲ ಎಂದು ನನಗೆ ಅಚ್ಚರಿ.

ಆಗ ನಾನು ಮುಂಬಯಿಯ ಸಾಂತಾಕ್ರೂಜಿನಲ್ಲಿ ಏಳುತ್ತಿದ್ದ ಹನ್ನೊಂದು ಮಹಡಿಯ ಕಟ್ಟಡವೊಂದರ ಸೈಟ್ ಇಂಜಿನಿಯರ್. ವಡಾಲದ ಮನೆಯಿಂದ ದಿನವೂ ಬೆಳಿಗ್ಗೆ ಲೋಕಲ್ಲಿನಲ್ಲಿ ಬರುತ್ತಿದ್ದೆ. ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಸ್ಲ್ಯಾಬ್ ಹಾಕುವ ದಿನ ಮೇಲೆ ನಿಂತು ಕಾಂಕ್ರೀಟು ಹರಡುವ ಹದಿನೆಂಟು ಜನರ ಗ್ಯಾಂಗಿಗೆ ಕಾಶವ್ವನೇ ಮುಕಾದಮ. ಎಲ್ಲರೂ ವಿಜಯಪುರದ ಕಡೆಯವರು. ಐವತ್ತರ ಆಸುಪಾಸಿನ ಕುಳ್ಳು ಹೆಂಗಸು, ಆದರೆ ಕೆಳಗೆ ಗೇಟಿನಲ್ಲಿ ಕಾಂಕ್ರೀಟು ತಂದು ನಿಂತ ರೆಡಿಮಿಕ್ಸ್ ಗಾಡಿಯ ಡ್ರೈವರಿಗೂ ಕೇಳುವಂಥ ಗಂಟಲು.

ನನಗೆ ಕನ್ನಡ ಬರುತ್ತದೆಂದು ಅವಳಿಗೆ ಗೊತ್ತಾದದ್ದು ಒಂದು ಫೋನಿನಿಂದ. ಅಮ್ಮನ ಹತ್ತಿರ ಉಡುಪಿ ಕನ್ನಡದಲ್ಲಿ “ಅದೆಂತದು, ಮಾರಾಯ್ತಿ” ಎಂದು ರೇಗುತ್ತಿದ್ದೆ. ಕಾಶವ್ವ ಸಲಿಕೆ ಬಿಟ್ಟು ಬಂದಳು.

“ಅಕ್ಕಾರ, ‘ಎಂತದು’ ಅಂದ್ರೇನ್ರೀ? ಕನ್ನಡಾನ ಹೌದಿಲ್ಲೋ ಅದು?”

ಅಂದಿನಿಂದ ಎದುರಿಗೆ ನಾನು ಅಕ್ಕಾರ, ಬೆನ್ನ ಹಿಂದೆ ‘ಎಂತದು ಮೇಡಂ’.

ಮುಂಬಯಿಯ ಅಕ್ಟೋಬರನ್ನು ನಂಬುವಂತಿಲ್ಲ. ಮಳೆಗಾಲ ಹೋಯಿತೆಂದು ಛತ್ರಿ ಒಳಗಿಟ್ಟ ಮೇಲೆ ಕೆಲವು ದಿನ ಬೆವರಿಳಿಸುವ ಬಿಸಿಲು. ನಡುವೆ ಎರಡು ದಿನ ಹಿತವಾದ ಗಾಳಿ. ಮತ್ತೊಂದು ದಿನ ಸಂಜೆಯ ಹೊತ್ತಿಗೆ ಎಲ್ಲಿಂದಲೋ ಗುಡುಗು, ಅರ್ಧ ಗಂಟೆ ಬಡಿದು ಮಾಯ. ಆದರೆ ನಾಲ್ಕು ತಿಂಗಳ ಮಳೆಯಲ್ಲಿ ಹಿಂದೆ ಬಿದ್ದ ಕೆಲಸವನ್ನೆಲ್ಲ ಅದೇ ತಿಂಗಳಲ್ಲಿ ತುಂಬಿಕೊಳ್ಳಬೇಕೆಂದು ಕಂಪನಿಯವರ ಹಟ.

ಏಳನೆಯ ಮಹಡಿಯ ಸ್ಲ್ಯಾಬಿನ ದಿನ ನನ್ನ ಫೋನಿನ ಹವಾಮಾನದ ಆಪ್ ಇಡೀ ದಿನಕ್ಕೆ ಸೂರ್ಯನ ಚಿತ್ರವನ್ನೇ ತೋರಿಸುತ್ತಿತ್ತು. ಆಕಾಶವೂ ತೊಳೆದಿಟ್ಟ ತಟ್ಟೆಯಂತಿತ್ತು. ಎರಡು ಗಂಟೆಯ ಸುಮಾರಿಗೆ ಕಾಶವ್ವ ನನ್ನ ಹತ್ತಿರ ಬಂದಳು.

“ಅಕ್ಕಾರ, ಇವತ್ತ ಅರ್ಧಕ್ಕ ನಿಂದ್ರಸ್ರಿ.”

“ಯಾಕೆ?”

“ಮಳಿ ಬರ್ತೈತ್ರಿ. ನಾಕು ಹೊಡ್ಯೂದ್ರಾಗ ಮಂದಿ ಕೆಳಗಿರಬೇಕು.”

“ಹೇಗೆ ಗೊತ್ತಾಯ್ತು ನಿನಗೆ?”

“ಮೊಣಕಾಲ ನುಸ್ಯಾಕತ್ತಾವ್ರೀ,” ಎಂದು ಮುಖ ಆ ಕಡೆ ತಿರುಗಿಸಿದಳು.

ಮೊಣಕಾಲಿನ ಮಾತು ಕೇಳಿ ಸ್ಲ್ಯಾಬ್ ನಿಲ್ಲಿಸಿದೆ ಎಂದು ಯಾರಿಗೆ ಹೇಳುವುದು? ಆದರೂ ಅವಳು ಒಂದು ದಿನವೂ ಕೆಲಸ ತಪ್ಪಿಸಲು ನೆಪ ಹುಡುಕಿದವಳಲ್ಲ. ನಕ್ಷೆ ಬಿಡಿಸಿ ನೋಡಿದೆ. ಸ್ಲ್ಯಾಬನ್ನು ನಡುವೆ ನಿಲ್ಲಿಸಿ ಮರುದಿನ ಮುಂದುವರಿಸಲು ಬರುವಂಥ ಜಾಗ ಒಂದಿತ್ತು. ಅಲ್ಲಿಗೆ ನಿಲ್ಲಿಸಿ ಮುಂದಿನ ಗಾಡಿಗಳನ್ನು ತಡೆದೆ. ಮ್ಯಾನೇಜರು ಫೋನಿನಲ್ಲಿ ಸಿಡುಕಿದರು: “ಪಂಚಾಂಗ್ ದೇಖ್ ಕೇ ಸ್ಲ್ಯಾಬ್ ಭರ್ತೇ ಹೋ ಕ್ಯಾ ಆಪ್ ಲೋಗ್?” ಪಂಚಾಂಗ ನೋಡಿಯಲ್ಲ, ಮೊಣಕಾಲು ನೋಡಿ ಸ್ಲ್ಯಾಬ್ ಹಾಕುತ್ತಿದ್ದೇವೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಪೂರ್ವದಿಂದ ತಣ್ಣನೆಯ ಗಾಳಿ ನುಗ್ಗಿತು. ಹೊಸ ಕಾಂಕ್ರೀಟಿಗೆ ತಾಡಪತ್ರಿ ಬಿಗಿದು ಎಲ್ಲರೂ ಕೆಳಗಿಳಿದಿದ್ದೆವು. ಆಕಾಶ ಕಪ್ಪಾದದ್ದು, ಪಕ್ಕದ ಸೈಟಿನ ತಗಡುಗಳು ಹಾರಿದ್ದು, ಎಲ್ಲೋ ಹತ್ತಿರದಲ್ಲೇ ಸಿಡಿಲು ಬಡಿದದ್ದು ಎಲ್ಲ ಒಂದೇ ಉಸಿರಿಗೆ ಆದಂತಿತ್ತು. ಮೇಲೆ ಕಬ್ಬಿಣದ ಸರಳುಗಳು ಬಯಲಿಗೆ ತಲೆ ಎತ್ತಿ ನಿಂತಿದ್ದವು. ಆ ಸರಳುಗಳ ನಡುವೆ ಹದಿನೆಂಟು ಜನ ಇರಬೇಕಾಗಿತ್ತಲ್ಲ ಎಂದು ನನಗೆ ಆಗ ಹೊಳೆಯಿತು. ಕಾಶವ್ವ ಮಾತ್ರ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತಿದ್ದಳು.

ಅವಳಿಗೆ ಹೇಗೆ ಗೊತ್ತಾಗುತ್ತದೆ? ಇದೊಂದು ಹುಳ ನನ್ನ ತಲೆಯೊಳಗೆ ಹೊಕ್ಕಿತು. ವಾಚ್‌ಮನ್ನನ ಪ್ರಕಾರ ಅವಳ ಮೈಮೇಲೆ ದೇವಿ ಬರುತ್ತಾಳೆ. ಎಲೆಕ್ಟ್ರಿಷಿಯನ್ ಪ್ರಕಾರ ಅವಳು ಏರೋಪ್ಲೇನ್ ಚಿಟ್ಟೆಗಳ ಹಾರಾಟ ನೋಡುತ್ತಾಳೆ. ನಾನು ಒಂದು ವಾರ ಅವಳನ್ನೇ ಗಮನಿಸಿದೆ. ಸೋಮವಾರ ಬಲಗಾಲು ಹಿಡಿದುಕೊಂಡು ಮಳೆ ಎಂದಳು, ಬಂತು. ಗುರುವಾರ ಎಡಗಾಲು ಹಿಡಿದುಕೊಂಡಳು, ಆಗಲೂ ಬಂತು. ಚಹಾದ ಹೊತ್ತಿಗೆ ಅಡ್ಡಗಟ್ಟಿ ಕೇಳಿದೆ.

“ಕಾಶವ್ವಾ, ನೋವು ಆ ಕಾಲಿನಿಂದ ಈ ಕಾಲಿಗೆ ಹಾರಿದ್ದು ಯಾವಾಗ?”

ಅವಳು ಚಹಾ ಚೆಲ್ಲುವಂತೆ ನಕ್ಕಳು. “ಸಿಕ್ಕ ಬಿದ್ನೆಲ್ರೀ ಯವ್ವಾ!”

“ನಿಜ ಹೇಳು. ಹೋಗಲಿ, ಆ ಅಳಿಯ ಯಾರು?”

“ನಂಗೆಲ್ಲಿ ಮಗಳದಾಳ್ರೀ ಅಕ್ಕಾರ, ಅಳಿಯ ಬರಾಕ? ಇಬ್ರೂ ಗಂಡ್ಮಕ್ಕಳು. ಮಳಿಗೇ ಅಳಿಯ ಅಂತೀವಿ. ಹೇಳದ ಕೇಳದ ಸಂಜೀಕ ಬರ್ತಾನ, ಬಂದಾಂದ್ರ ಎಲ್ಲಾರೂ ಕೆಲಸ ಬಿಟ್ಟ ನಿಂದರಬೇಕು.”

ಆಮೇಲೆ ನೆಲದ ಮೇಲಿನ ಸಿಮೆಂಟು ಧೂಳಿನಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. ಈ ತಿಂಗಳ ಮಳೆ ಹುಟ್ಟುವುದು ಪೂರ್ವದ ಘಟ್ಟದಲ್ಲಿ. ಅಲ್ಲಿಂದ ಇಳಿದು ಕರ್ಜತ್, ಬದಲಾಪುರ, ಕಲ್ಯಾಣ, ಠಾಣೆ ಎಂದು ಒಂದೊಂದೇ ಊರು ತೊಯ್ಸುತ್ತ ನಮ್ಮ ಕಡೆ ಬರುತ್ತದೆ. ಪ್ರತಿ ಊರಿನಲ್ಲೂ ಒಂದಲ್ಲ ಒಂದು ಕಟ್ಟಡ ಏಳುತ್ತಿದೆ, ಪ್ರತಿ ಕಟ್ಟಡದಲ್ಲೂ ಅವಳ ಕಡೆಯವರು ಒಬ್ಬರಾದರೂ ಇದ್ದಾರೆ. ಕರ್ಜತಿನಲ್ಲಿ ಅಣ್ಣನ ಮಗ, ಕಲ್ಯಾಣದಲ್ಲಿ ಊರಿನ ಗೆಳತಿ, ಠಾಣೆಯಲ್ಲಿ ತಮ್ಮ.

“ಒಂದೊಂದ ದಿನ ಠಾಣೆಕ್ಕ ಬಂದು ಸುಮ್ಮನಾಗ್ತಾನ. ಅದಕ್ಕ ಕಲ್ಯಾಣ ದಾಟೂತನಕ ನಾ ಏನೂ ಹೇಳಂಗಿಲ್ಲ. ಏಳನೇ ಮಜಲಿ ಸ್ಲ್ಯಾಬಿನ ದಿನಾ ಮಾತ್ರ ಬದಲಾಪುರಕ್ಕ ನಿಮ್ಗ ಹೇಳಿದೆ. ಭಾಳ ಕರ್ರಗದಾನ ಅಂದ್ಲು ಯಲ್ಲವ್ವ.”

ಯಲ್ಲವ್ವ ಅವಳ ನಾದಿನಿ, ಗಂಡನ ತಂಗಿ. ಬದಲಾಪುರದಲ್ಲಿ ಮಗನೊಂದಿಗಿದ್ದಾಳೆ. ಹಿಂದೆ ಇಬ್ಬರೂ ಒಂದೇ ಗ್ಯಾಂಗಿನಲ್ಲಿದ್ದರು. ಒಂದು ಅಕ್ಟೋಬರಿನಲ್ಲಿ, ಬೇರೆ ಯಾವುದೋ ಸೈಟಿನಲ್ಲಿ, ಸ್ಲ್ಯಾಬಿನ ನಡುವೆ ಹೀಗೇ ಗುಡುಗಿತು. ಎಲ್ಲರೂ ಒಮ್ಮೆಗೇ ಇಳಿಯಲು ಓಡಿದರು. ತೊಯ್ದ ಹಲಗೆಯ ಮೇಲೆ ಯಲ್ಲವ್ವನ ಕಾಲು ಜಾರಿತು. ಸೊಂಟದ ಮೂಳೆ ಮುರಿಯಿತು. ಕೋಲಿಲ್ಲದೆ ಆಮೇಲೆ ಅವಳು ನಡೆಯಲಿಲ್ಲ.

“ಬಾಗಲದಾಗ ಕುಂತ್ರ ಅಕಿಗೆ ಗುಡ್ಡ ಕಾಣತಾವ್ರಿ. ದುಡಿಯಾಕ ಆಗಂಗಿಲ್ಲ, ಇದನ್ನಾರ ಮಾಡತೀನಿ ತಗೋ ವೈನಿ ಅಂದ್ಲು. ಮೊದಲ ಫೋನ್ ಹಚ್ಚಿದಾಕಿ ಅಕೀನ. ಉಳದವ್ರೆಲ್ಲಾ ಆಮ್ಯಾಲ ಕೂಡಿದ್ರು.”

ಕಾಶವ್ವ ಒಮ್ಮೆ ತಪ್ಪಿದ್ದೂ ಉಂಟು. ತಿಂಗಳ ಕೊನೆಯಲ್ಲಿ ಕರ್ಜತಿನಿಂದ ಠಾಣೆಯವರೆಗೆ ಎಲ್ಲರೂ ‘ಒಣಾ ಐತಿ’ ಎಂದ ದಿನ ಮಳೆ ಕಡಲಿನ ಕಡೆಯಿಂದ ಬಂತು. ಸ್ಲ್ಯಾಬಿನ ಮೇಲ್ಮೈ ಕೊಚ್ಚಿಹೋಯಿತು. ಹೆಂಗಸರು ಮೈ ತೊಯ್ಸಿಕೊಂಡು, ಗೋಡೆ ಹಿಡಿದು ಇಳಿದರು. ಯಾರಿಗೂ ಏನೂ ಆಗಲಿಲ್ಲ, ಆದರೂ ಕಾಶವ್ವ ಮೆಟ್ಟಿಲ ಮೇಲೆ ಕುಸಿದು ಕೂತಳು.

“ಸಮುದ್ರದಾಗ ನಮ್ಮ ಮಂದಿ ಯಾರೂ ಇಲ್ಲಲ್ರೀ ಅಕ್ಕಾರ.”

ನಾನು ಪಕ್ಕದಲ್ಲಿ ಕೂತು ಫೋನಿನಲ್ಲಿ ಉಪಗ್ರಹದ ಚಿತ್ರ ತೆರೆದು, ಅರಬ್ಬೀ ಕಡಲಿನ ಮೇಲೆ ತೇಲುತ್ತಿದ್ದ ಬಿಳಿ ಮೋಡಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು. “ಹಂಗಾರ ಕಡಲ ಕಡೆ ನೀವು ನೋಡ್ರಿ, ಗುಡ್ಡದ ಕಡೆ ನಾ ನೋಡತೀನಿ,” ಎಂದಳು. ಹಾಗೆಯೇ ಉಳಿದ ಸ್ಲ್ಯಾಬುಗಳನ್ನು ಮುಗಿಸಿದೆವು.

ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ನವೆಂಬರಿನಲ್ಲಿ ಫೋರ್ಟ್ ಪ್ರದೇಶದ ಹೆಡ್ ಆಫೀಸಿನಲ್ಲಿ ಮೀಟಿಂಗ್ ಇತ್ತು. ಆ ಋತುವಿನಲ್ಲಿ ಮಳೆಯಿಂದ ಅತಿ ಕಡಿಮೆ ಕೆಲಸ ಕೆಟ್ಟದ್ದು ನಮ್ಮ ಸೈಟಿನಲ್ಲಿ ಎಂದು ದೊಡ್ಡವರು ಹೊಗಳಿದರು. ಮೊದಲು ಸಿಡುಕಿದ್ದ ಮ್ಯಾನೇಜರೇ “ಶ್ವೇತಾ ತುಂಬಾ ಚೆನ್ನಾಗಿ ವೆದರ್ ಪ್ಲ್ಯಾನಿಂಗ್ ಮಾಡಿದ್ದಾಳೆ” ಎಂದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು ‘ಥ್ಯಾಂಕ್ ಯೂ’ ಎಂದು ಕೂತೆ. ಅಷ್ಟೇ.

ಮರುದಿನ ಕಾಶವ್ವನಿಗೆ ಹೇಳಿಬಿಟ್ಟೆ. ಹೇಳದೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಅವಳು ಸಲಿಕೆ ತೊಳೆಯುತ್ತಿದ್ದಳು.

“ನನ್ನ ಹೆಸರ ಹೇಳಿದ್ರ ನಗತಿದ್ರು, ಬಿಡ್ರಿ. ಮಂದಿ ನೆಟ್ಟಗ ಕೆಳಗ ಇಳದ್ರಲ್ಲ, ಸಾಕು.” ಸಲಿಕೆಯನ್ನು ಗೋಡೆಗೆ ಒರಗಿಸಿ, ನನ್ನ ಕಡೆ ನೋಡದೆ ಅಂದಳು: “ಯಲ್ಲವ್ವನ ಹೆಸರನ್ನಾರ ಹೇಳಬೇಕಿತ್ರೀ ಅಕ್ಕಾರ.”

ಡಿಸೆಂಬರಿನ ಮೀಟಿಂಗಿನಲ್ಲಿ, ಯಾರೂ ಕೇಳದಿದ್ದರೂ, ಎದ್ದು ಇಬ್ಬರ ಹೆಸರನ್ನೂ ಹೇಳಿದೆ. ಬದಲಾಪುರದ ಬಾಗಿಲು, ಗುಡ್ಡ, ಫೋನು ಎಲ್ಲವನ್ನೂ ಹೇಳಿದೆ. ಇಬ್ಬರು ನಕ್ಕರು. ಒಬ್ಬರು “ಇಂಟರೆಸ್ಟಿಂಗ್” ಎಂದು ಮುಂದಿನ ವಿಷಯಕ್ಕೆ ಹೋದರು. ಅದನ್ನು ಕಾಶವ್ವನಿಗೆ ಹೇಳೋಣವೆಂದು ಸೈಟಿಗೆ ಹೋದರೆ ಗ್ಯಾಂಗಿನ ಶೆಡ್ಡು ಖಾಲಿ. ಸ್ಲ್ಯಾಬಿನ ಕೆಲಸ ಮುಗಿದಿತ್ತಲ್ಲ, ಕಂತ್ರಾಟುದಾರ ಹಿಂದಿನ ದಿನವೇ ಅವರನ್ನು ಬೇರೆ ಕಡೆಗೆ ಟ್ರಕ್ಕಿನಲ್ಲಿ ಕಳಿಸಿದ್ದ. ಅವಳ ನಂಬರು ಬಂದ್ ಆಗಿತ್ತು.

ಒಂದು ಭಾನುವಾರ ವಡಾಲದಿಂದ ಕುರ್ಲಾಕ್ಕೆ ಹೋಗಿ, ಅಲ್ಲಿ ಲೋಕಲ್ ಬದಲಿಸಿ ಬದಲಾಪುರದಲ್ಲಿ ಇಳಿದೆ. ಕೇಳಿಕೊಂಡು ಹೋಗಲು ಅರ್ಧ ದಿನ ಹಿಡಿಯಿತು. ಯಲ್ಲವ್ವ ಬಾಗಿಲಲ್ಲೇ ಕೂತಿದ್ದಳು, ಪಕ್ಕದಲ್ಲಿ ಕೋಲು. ತಣ್ಣನೆಯ, ಮೋಡವಿಲ್ಲದ ಬೆಳಕಿನಲ್ಲಿ ಗುಡ್ಡಗಳು ತೀರ ಹತ್ತಿರ ಕಾಣುತ್ತಿದ್ದವು. ನಾನು ಯಾರೆಂದು ಹೇಳಿದೆ, ಫೋರ್ಟಿನಲ್ಲಿ ಅವಳ ಹೆಸರು ಹೇಳಿದ್ದನ್ನೂ ಹೇಳಿದೆ.

“ಪೂರಾ ಹೆಸರ ಹೇಳಿದ್ರೇನ್ರೀ?”

ನನಗೆ ಗೊತ್ತಿರಲಿಲ್ಲ. “ಯಲ್ಲವ್ವ ಅಂತ ಹೇಳಿದೆ.”

“ಬರೇ ಯಲ್ಲವ್ವ ಅಂದ್ರ ಅವ್ರಿಗೆ ಹೆಂಗ ತಿಳೀಬೇಕ್ರಿ? ನಮ್ಮೂರಾಗ ಹತ್ತ ಮಂದಿ ಯಲ್ಲವ್ವ ಅದಾರ,” ಎಂದು ನಕ್ಕು, ತನ್ನ ಪೂರ್ತಿ ಹೆಸರನ್ನೂ ಕಾಶವ್ವನದನ್ನೂ ನಿಧಾನವಾಗಿ ಹೇಳಿ ಬರೆಸಿದಳು. ಆಮೇಲೆ ಕಾಶವ್ವನ ಹೊಸ ನಂಬರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ಬಹಳ ಹೊತ್ತು ರಿಂಗಾಯಿತು. ಯಾರೂ ಎತ್ತಲಿಲ್ಲ. ಮುಂದಿನ ದಿನಗಳಲ್ಲೂ ಎಷ್ಟೋ ಸಲ ಮಾಡಿದೆ, ಅವಳು ಸಿಗಲಿಲ್ಲ.

“ಸ್ಲ್ಯಾಬ್ ಐತಿ ಕಾಣಸ್ತೈತಿ ಇವತ್ತ,” ಎಂದಳು ಅಂದು ಯಲ್ಲವ್ವ, ಫೋನು ವಾಪಸು ತೆಗೆದುಕೊಳ್ಳುತ್ತ. “ನಾಸಿಕದ ಆಚೀಗೆ ಹಾಕ್ಯಾರ್ರಿ ಅಕಿನ್ನ. ಅಲ್ಲೆ ಮಳಿ ಯಾವ ಕಡಿಂದ ಬರ್ತೈತಿ ಅನ್ನೂದ ಇನ್ನೂ ತಿಳಿದಿಲ್ಲಂತ. ಸೈಟಿಗೆ ಬಂದವ್ರನ್ನೆಲ್ಲಾ, ನಿಮ್ಮೂರ ಯಾವ ದಿಕ್ಕಿಗೈತಿ ಅಂತ ಕೇಳಾಕತ್ತಾಳ.”