ಗೌಂಡಿ ಕಾಕಾ ಎಳೆದ ದಾರ

ನಿಜಾಮರ ಕಾಲದಲ್ಲಿ ಯಲಬುರ್ಗಾದ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಗೌಂಡಿ ಇದ್ದರು. ಅವರನ್ನು ಕಾಕಾ ಎನ್ನುತ್ತಿದ್ದೆವು. ನಾನೂ ನನ್ನ ಗಂಡನೂ ಅಡುಗೆಮನೆಗೆ ಗೋಡೆ ಕಟ್ಟಲು ಹೊರಟಾಗ ಕಲಿಸಲು ಬಂದವರು ಅವರೇ. ಇಟ್ಟಿಗೆಗಳನ್ನು ನೀರಿನಲ್ಲಿ ನೆನೆಹಾಕಿಸಿದರು, ಸುಣ್ಣ ಮರಳು ಸೇರಿಸಿ ಗಚ್ಚು ಕಲಸಿಸಿದರು, ಗೂಟ ನೆಟ್ಟು ದಾರ ಎಳೆದರು. "ಗಚ್ಚು ಆಮ್ಯಾಲ. ಮೊದಲ ಬರೇ ಇಟ್ಟಂಗಿ ಹಾಸಿ ನೋಡ್ರಿ," ಎಂದು ಹೇಳುತ್ತಲೇ ಇದ್ದರು.

ಆ ದಿನ ತಾವೇ ಹಾಸಿದ ಸಾಲನ್ನು ತೆಗೆದು ಮತ್ತೆ ಹಾಸಿದರು. ದಾರ ನೆಟ್ಟಗಿದ್ದರೂ ಗೂಟ ಕಿತ್ತು ನೆಟ್ಟರು. ಕಿವಿ ಮಾತ್ರ ತಮ್ಮ ಮನೆಯ ಕಡೆಗೇ. ಅಲ್ಲಿ ಅವರ ಕಿರಿಯ ಮಗಳು ಬೆಳಗಿನಿಂದ ಹೆರಿಗೆ ಬೇನೆ ತಿನ್ನುತ್ತಿದ್ದಳು. ಹಿರಿಯವಳು ಹೆರಿಗೆಯಲ್ಲೇ ತೀರಿಕೊಂಡಿದ್ದಳು.

"ಕಾಕಾ, ಮನಿಗೆ ಹೋಗ್ರಿ," ಎಂದೆ.

"ಅಲ್ಲಿ ನನ್ನ ಕೈಗೆ ಕೆಲಸ ಇಲ್ಲ ಯವ್ವಾ."

ಮಧ್ಯಾಹ್ನ ಕೂಸಿನ ಅಳು ಕೇಳಿತು. ಕಾಕಾ ಎದ್ದು ನಿಂತರು, ಹೆಜ್ಜೆ ಮುಂದಿಡಲಿಲ್ಲ. ಸೂಲಗಿತ್ತಿ ಅಂಗಳದಿಂದ, "ತಾಯೀನೂ ಛಲೋ ಅದಾಳ್ರಿ!" ಎಂದು ಕೂಗಿದ ಮೇಲೆಯೇ ಉಸಿರು ಬಿಟ್ಟರು. ಗಚ್ಚು ಹಾಕಲು ಕರಣೆ ಎತ್ತಿಕೊಂಡರು. ಅದನ್ನು ನನ್ನ ಕೈಗಿಟ್ಟು, "ಇನ್ನ ನೀವ ಕಟ್ರಿ," ಎಂದು ಮನೆಗೆ ಓಡಿದರು.

ಆ ಗೋಡೆಯ ಮೊದಲ ಸಾಲನ್ನು ನಾವಿಬ್ಬರೇ ಕಟ್ಟಿದೆವು.