ಜರ್ಮನ್ ದೊರೆಸಾನಿಯೂ ನನ್ನ ಸೋದರಮಾವನೂ

ವಿಶಾಖಪಟ್ಟಣದ ನಮ್ಮ ಔಷಧ ಕಾರ್ಖಾನೆ ನೋಡಲು ಬಂದಿದ್ದ ಜರ್ಮನ್ ಮಹಿಳೆಯನ್ನು ರೈಲಿನಲ್ಲಿ ವಿಜಯವಾಡಕ್ಕೆ ಕರೆದೊಯ್ಯುತ್ತಿದ್ದೆ. ಅನಕಾಪಲ್ಲಿ ದಾಟುವಾಗ ಅವರು ತಮ್ಮೂರಿನ ಎಂಟುನೂರು ವರ್ಷ ಹಿಂದಿನ ದೊರೆಸಾನಿಯೊಬ್ಬಳ ಕಥೆ ಶುರುಮಾಡಿದರು. ಮೂರು ಮಕ್ಕಳಾದ ಮೇಲೆ ಗಂಡ ದೂರದ ಸಂಬಂಧಿ ಎಂದು ಗೊತ್ತಾಗಿ, ಚರ್ಚು ಮದುವೆಯನ್ನೇ ರದ್ದು ಮಾಡಿತಂತೆ. ಪಾಪ, ಆಕೆ ತಂಗಿ ನಡೆಸುತ್ತಿದ್ದ ಮಠ ಸೇರಿದಳಂತೆ.

"ಇಬ್ಬರ ಮುತ್ತಜ್ಜಂದಿರು ಅಣ್ಣತಮ್ಮಂದಿರು! ಅಸಹ್ಯ ಅಲ್ವಾ? ಅದಿರಲಿ, ನಿಮ್ಮ ಯಜಮಾನರು ಎಲ್ಲಿ ಸಿಕ್ಕಿದರು?"

ನಾನು ಗುರುರಾಯರನ್ನು ನೆನೆದೆ. ನಿಜ ಹೇಳಿದರೆ ನನ್ನ ಇಪ್ಪತ್ತು ವರ್ಷದ ಸಂಸಾರವೂ ಈಕೆಗೆ ಅಸಹ್ಯವೇ. ಆದರೆ ಸುಳ್ಳು ಹೇಳಲಾರೆ.

"ಮನೆಯಲ್ಲೇ ಇದ್ದರು. ಅಮ್ಮನ ತಮ್ಮ."

ಅವರ ಕೈಯಲ್ಲಿದ್ದ ಸಮೋಸಾ ಬಾಯಿಗೆ ಹೋಗಲಿಲ್ಲ. "ಹಾಗಾದರೆ ನಿಮ್ಮ ಅತ್ತೆ?"

"ನಮ್ಮಜ್ಜಿ."

"ನಿಮ್ಮ ಮಗನಿಗೆ ನಿಮ್ಮಮ್ಮ?"

"ಅಜ್ಜಿಯೂ ಹೌದು, ಸೋದರತ್ತೆಯೂ ಹೌದು."

ಎದುರು ಸೀಟಿನ ತೆಲುಗು ಹಿರಿಯರು ತಡೆಯಲಾರದೆ, "ಮೇನಮಾಮನಾ? ಮಂಚಿ ಸಂಬಂಧಂ ಅಮ್ಮಾ!" ಎಂದು ಸೋದರಮಾವನ ಸಂಬಂಧವನ್ನು ಮೆಚ್ಚಿ ತಲೆದೂಗಿದರು.

ಆಕೆ ಮೆಲ್ಲಗೆ ಕೇಳಿದರು: "ಇದಕ್ಕೆ ನಿಮ್ಮ ದೇವರ ಒಪ್ಪಿಗೆ ಇತ್ತಾ?"

"ಅಜ್ಜಿಯ ಒಪ್ಪಿಗೆ ಇತ್ತು," ಎಂದೆ.

ದೇವರ ಮೇಲೆ ನನಗೆ ಪೂರ್ಣ ನಂಬಿಕೆ. ಆದರೂ ಅಜ್ಜಿ ನಿಶ್ಚಯಿಸಿದ ಮೇಲೆ ಅವನೂ ಬಾಯಿ ಹಾಕಿರಲಿಕ್ಕಿಲ್ಲ.